ಮೂರನೇ ಪಿನ್ನಿನ ಪಾಠ

ಕಳೆದ ಮೇ ತಿಂಗಳ ಒಂದು ಸಂಜೆ. ಕಾಪುವಿನ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ, ನಾನು ಮೂರು ತಿಂಗಳಿಂದ ಕಟ್ಟುತ್ತಿದ್ದ ಸಿಎನ್‌ಸಿ ಯಂತ್ರ ಮೊದಲ ಬಾರಿಗೆ ಹಲಗೆಯ ಮೇಲೊಂದು ಸರಿಯಾದ ವೃತ್ತ ಕೊರೆದಿತ್ತು. ನಾನು ಖುಷಿಯಲ್ಲಿ ವಿಡಿಯೊ ಮಾಡುತ್ತಿದ್ದೆ, ಸ್ಟೇಟಸ್‌ಗೆ ಹಾಕಬೇಕಲ್ಲ! ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಚಹಾ ತಂದ ಅಮ್ಮ, ಲೋಟ ಇಡಲು ಜಾಗ ಹುಡುಕುತ್ತಾ ಯಂತ್ರದ ಅಲ್ಯೂಮಿನಿಯಂ ಚೌಕಟ್ಟಿಗೆ ಕೈ ಊರಿದರು. ಮರುಕ್ಷಣವೇ ಕೈ ಹಿಂದೆಳೆದುಕೊಂಡರು.

"ದಾನೆ ಮಗಾ ಉಂದು? ಕೈ ಜುಮ್ ಆಂಡ್!"

ಏನೂ ಆಗಲಿಲ್ಲ. ಚಹಾ ಚೆಲ್ಲಿತು, ಅಷ್ಟೇ. ಆದರೆ ನನ್ನ ಎದೆ ಧಸಕ್ಕೆಂದಿತು. ಮೂರು ತಿಂಗಳು ಅದೇ ಯಂತ್ರವನ್ನು ನೂರಾರು ಸಲ ಮುಟ್ಟಿದ್ದ ನನಗೆ ಒಮ್ಮೆಯೂ ಜುಮ್ ಅಂದಿರಲಿಲ್ಲ. ಯಾಕೆಂದರೆ ನನ್ನ ಕಾಲಲ್ಲಿ ಯಾವಾಗಲೂ ರಬ್ಬರ್ ಚಪ್ಪಲಿ. ಅಮ್ಮ ಬರಿಗಾಲಲ್ಲಿದ್ದರು.

ಸಿಎನ್‌ಸಿ ಎಂದರೆ ಕಂಪ್ಯೂಟರ್ ಹೇಳಿದ ಅಂಕಿಗಳಂತೆ ಉಳಿ ಓಡಿಸುವ ಯಂತ್ರ. ಅಂಕಿಗಳಿಂದ ನಡೆಯುವ ಮೊದಲ ಮಿಲ್ಲಿಂಗ್ ಯಂತ್ರವನ್ನು 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರದರ್ಶಿಸಿದ್ದರು. ನಮ್ಮೂರಲ್ಲಿ ಎಂಐಟಿ ಎಂದರೆ ಮಣಿಪಾಲವೇ. ಆದರೆ ಅದು ಶುರುವಾದದ್ದು 1957ರಲ್ಲಿ! ಆಗ ಬಹಳ ಜಾಗ ಬೇಕಿದ್ದ ನಿಯಂತ್ರಣದ ಕೆಲಸವನ್ನು ಈಗ ಅಂಗೈಯಗಲದ ಆರ್ಡುಯಿನೊ ಬೋರ್ಡ್ ಮಾಡುತ್ತದೆ. ಅದರೊಳಗೆ ಹಾಕುವ ಜಿಆರ್‌ಬಿಎಲ್ ತಂತ್ರಾಂಶ ಉಚಿತ. ಇಷ್ಟು ಕೇಳಿದರೆ ಯಾರಿಗಾದರೂ ಕೈ ತುರಿಸುತ್ತದೆ. ನನಗೂ ತುರಿಸಿತು.

ಖರ್ಚು ಸುಮಾರು 45 ಸಾವಿರ ರೂಪಾಯಿ. ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟದ್ದು 25 ಸಾವಿರ. ಉಳಿದ 20 ಸಾವಿರ ಕೊಟ್ಟವರು ಕಾರ್ಕಳದಲ್ಲಿ ಮರಗೆಲಸದ ಅಂಗಡಿ ಇಟ್ಟಿರುವ ಸೋದರಮಾವ. "ಬಾಗಿಲಿನ ಡಿಸೈನ್ ಕೊರೆದುಕೊಡಬೇಕು, ಇಲ್ಲದಿದ್ದರೆ ಬಡ್ಡಿ ಸಮೇತ ವಾಪಸ್" ಎಂಬುದು ಅವರ ಷರತ್ತು. ಕಾಪುವಿನಿಂದ ಪಡುಬಿದ್ರಿ, ಬೆಳ್ಮಣ್ ದಾರಿಯಾಗಿ ಕಾಲೇಜಿಗೆ ಹೋಗಿ ಬರುವ ಬಸ್ಸಿನಲ್ಲೇ ನನ್ನ ನಕ್ಷೆಗಳೆಲ್ಲ ತಯಾರಾದವು.

ಮೊದಲ ಪೆಟ್ಟು ಕೊಟ್ಟದ್ದು ಲೀನಿಯರ್ ರೈಲು. ಇದು ಹದ ಮಾಡಿದ ಉಕ್ಕಿನ ಹಳಿ. ಅದರ ಮೇಲೆ ಕೂರುವ ಬ್ಲಾಕಿನೊಳಗೆ ಸಣ್ಣ ಸಣ್ಣ ಉಕ್ಕಿನ ಗುಂಡುಗಳು ಸುತ್ತು ಹೊಡೆಯುತ್ತಿರುತ್ತವೆ. ಕುತೂಹಲಕ್ಕೆ ಬ್ಲಾಕನ್ನು ಹಳಿಯಿಂದ ಪೂರ್ತಿ ಹೊರಗೆ ಎಳೆದೆ. ಗುಂಡುಗಳು ಜಗಲಿ ತುಂಬ ಚೆಲ್ಲಿದವು. ತಂಗಿಯೂ ನಾನೂ ಟಾರ್ಚ್ ಹಿಡಿದು ರಾತ್ರಿ ಹನ್ನೊಂದರವರೆಗೆ ಹೆಕ್ಕಿದೆವು.

ನಿಜವಾದ ಕಷ್ಟ ಆಮೇಲೆ. ಎರಡು ಹಳಿಗಳನ್ನೂ ಗಟ್ಟಿಯಾಗಿ ಸ್ಕ್ರೂ ಹಾಕಿ ಕೂರಿಸಿದೆ. ಮೇಲಿನ ಗ್ಯಾಂಟ್ರಿ, ಅಂದರೆ ಅಡ್ಡ ತೊಲೆ, ಒಂದು ತುದಿಯಲ್ಲಿ ಬೆಣ್ಣೆಯಂತೆ ಜಾರುತ್ತಿತ್ತು, ಇನ್ನೊಂದು ತುದಿಯಲ್ಲಿ ಕಚ್ಚಿಕೊಳ್ಳುತ್ತಿತ್ತು. ಮೋಟಾರಿಗೆ ಶಕ್ತಿ ಸಾಲದು ಎಂದುಕೊಂಡು ಕರೆಂಟ್ ಏರಿಸಿದೆ. ಮೋಟಾರ್ ಬಿಸಿಯಾಯಿತೇ ಹೊರತು ತೊಲೆ ಸರಿಯಲಿಲ್ಲ. ಮಣಿಪಾಲದಲ್ಲಿ ಓದುವ ಗೆಳೆಯ ಡಯಲ್ ಗೇಜ್ ತಂದು ಅಳೆದಾಗ ಗೊತ್ತಾಯಿತು, ಹಳಿಗಳ ನಡುವಿನ ಅಂತರದಲ್ಲಿ ಈ ತುದಿಗೂ ಆ ತುದಿಗೂ 0.4 ಮಿ.ಮೀ. ವ್ಯತ್ಯಾಸ!

ಪರಿಹಾರ ಸುಲಭವಿತ್ತು. ಒಂದು ಹಳಿಯನ್ನು ನೇರ ಮಾಡಿ ಪೂರ್ತಿ ಬಿಗಿ ಮಾಡುವುದು. ಎರಡನೆಯದನ್ನು ಸಡಿಲ ಬಿಟ್ಟು, ತೊಲೆಯನ್ನು ಆಚೆಯಿಂದ ಈಚೆ ಸರಿಸುತ್ತಾ ಅದು ನಿಂತಲ್ಲಿ ಒಂದೊಂದೇ ಸ್ಕ್ರೂ ಬಿಗಿಯುತ್ತಾ ಹೋಗುವುದು. ಕೊನೆಗೆ ಒಂದೇ ಬೆರಳಿಗೆ ತೊಲೆ ಉದ್ದಕ್ಕೂ ಸರಿಯಬೇಕು. ಚೌಕಟ್ಟು ಮೂಲೆಗೆ ಸರಿಯಿದೆಯೇ ಎಂದು ನೋಡಲು ಮಾವ ತಂದದ್ದು ಬರೇ ಒಂದು ಹಗ್ಗ. ಎರಡೂ ಕರ್ಣಗಳನ್ನು ಅಳೆದರು. ಸಮ ಬಂದರೆ ಮೂಲೆ ಸರಿ. "ನಮ್ಮ ಬಾಹುಬಲಿಯನ್ನು ಕಡೆದವರ ಹತ್ತಿರ ನಿನ್ನ ಗೇಜ್ ಇತ್ತಾ ಮಾರಾಯ?" ಎಂದರು. 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ನಿಂತ 42 ಅಡಿಯ ಏಕಶಿಲಾ ಮೂರ್ತಿ ಅದು. ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನು ವಿದ್ಯುತ್ ಭಾಗ. ನನ್ನ ಸ್ಟೆಪ್ಪರ್ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 8 ಚೂರು ಮಾಡಿದರೆ 1600. ಬಾಲ್ ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸರಿಯುತ್ತದೆ. ಅಂದರೆ ಒಂದು ಮಿಲಿಮೀಟರಿಗೆ 320. ಈ ಲೆಕ್ಕ ಹಾಕಿ 100 ಮಿ.ಮೀ. ಹೋಗು ಎಂದರೆ ಯಂತ್ರ 50ಕ್ಕೇ ನಿಂತಿತು. ಎರಡು ದಿನ ಪ್ರೋಗ್ರಾಮ್ ತಡಕಾಡಿದೆ. ತಪ್ಪು ಪ್ರೋಗ್ರಾಮಿನಲ್ಲಿರಲಿಲ್ಲ. ಡ್ರೈವರ್ ಮೇಲಿನ ಪುಟ್ಟ ಸ್ವಿಚ್ಚುಗಳು 8ರ ಬದಲು 16ರಲ್ಲಿದ್ದವು.

ಇವನ್ನೆಲ್ಲ ದಾಟಿ ಬಂದ ಸಂಜೆಯೇ ಅಮ್ಮನಿಗೆ ಜುಮ್ ಅಂದದ್ದು.

ಮರುದಿನ ನಮ್ಮೂರಿನ ವಯರಿಂಗ್ ಅಣ್ಣನನ್ನು ಕರೆದೆ. ಹೋಲ್ಡರಿಗೆ ಬಲ್ಬು ಸಿಕ್ಕಿಸಿ ಎರಡು ವಯರ್ ಬಿಟ್ಟ ಟೆಸ್ಟ್ ಲ್ಯಾಂಪ್ ತಂದಿದ್ದರು. ಫೇಸಿಗೂ ನ್ಯೂಟ್ರಲಿಗೂ ಹಿಡಿದರು, ಬಲ್ಬು ಉರಿಯಿತು. ಫೇಸಿಗೂ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೂ ಹಿಡಿದರು, ಉರಿಯಲಿಲ್ಲ. ಬೋರ್ಡ್ ಬಿಚ್ಚಿದರೆ ಆ ಮೂರನೇ ತೂತಿಗೆ ವಯರೇ ಇಲ್ಲ! ಹಳೇ ಮನೆ, ಹಳೇ ವಯರಿಂಗ್. ಅಷ್ಟು ವರ್ಷವೂ ಮೂರು ಪಿನ್ನಿನ ಪ್ಲಗ್‌ಗಳನ್ನೆಲ್ಲ ನಾವು ಬರೇ ತೂತಿಗೆ ಚುಚ್ಚುತ್ತಿದ್ದೆವು.

ಮೋಟಾರುಗಳಿಗೆ 36 ವೋಲ್ಟ್ ಕೊಡುವ ಎಸ್‌ಎಂಪಿಎಸ್‌ನೊಳಗೆ ಗದ್ದಲ ಸೋಸುವ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಮೂಲಕ ಸೋರುವ ತುಸು ಕರೆಂಟ್ ಅರ್ತಿಂಗ್ ದಾರಿಯಲ್ಲಿ ನೆಲಕ್ಕಿಳಿಯಬೇಕು. ಆ ದಾರಿ ಇಲ್ಲದಿದ್ದರೆ ಲೋಹದ ಚೌಕಟ್ಟಿನಲ್ಲೇ ಕಾದಿರುತ್ತದೆ. ಮುಟ್ಟಿದರೆ ಜುಮ್ ಅನ್ನುವುದು ಅದೇ. ಅಷ್ಟಕ್ಕೇ ಜೀವ ಹೋಗದಿರಬಹುದು. ಆದರೆ ಯಾವತ್ತೋ ಒಳಗಿನ ವಯರಿನ ಸಿಪ್ಪೆ ಸವೆದು ಚೌಕಟ್ಟಿಗೆ ತಾಗಿದರೆ 230 ವೋಲ್ಟೂ ಅಲ್ಲೇ ಇರುತ್ತದೆ. "ಅಮ್ಮ ಮುಟ್ಟಿದ್ದು ಒಳ್ಳೆಯದಾಯಿತು ಅಂತ ತಿಳ್ಕೋ" ಎಂದರು ಆ ಅಣ್ಣ. ಈ ಪಾಠವನ್ನು ನಾನು ಮೊದಲ ಸೆಮಿಸ್ಟರಿನಲ್ಲೇ ಓದಿ, ಒಳ್ಳೆಯ ಅಂಕವನ್ನೂ ತೆಗೆದಿದ್ದೆ.

ಬಾವಿಯ ಪಕ್ಕದಲ್ಲಿ ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದೆವು. ನಮ್ಮದು ಕಡಲಿಗೆ ಹತ್ತಿರದ ತೇವದ ಮಣ್ಣು. ಕಾರ್ಕಳದ ಕಡೆಯ ಮುರಕಲ್ಲಿನ ನೆಲವಾದರೆ ಬೇಸಿಗೆಯಲ್ಲಿ ಒಣಗುತ್ತದೆ, ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಜತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದೆವು. ಕರೆಂಟ್ ದಾರಿ ತಪ್ಪಿ ನೆಲಕ್ಕೆ ಸೋರಿದರೆ ಅದು ಥಟ್ಟನೆ ಕಡಿದುಬಿಡುತ್ತದೆ.

ಈಗ ಎಲ್ಲ ಸರಿಯಾಯಿತೆಂದು ಮಾವನನ್ನು ಕರೆದೆ. ಅವರು ಕೈಕಟ್ಟಿ ನಿಂತು, "ಓಡುವುದನ್ನು ಆಮೇಲೆ ತೋರಿಸು. ನಿಲ್ಲುವುದನ್ನು ಮೊದಲು ತೋರಿಸು" ಎಂದರು. ಹೆಮ್ಮೆಯಿಂದ ಕೆಂಪು ಗುಂಡಿ ಒತ್ತಿದೆ. ತೊಲೆ ನಿಂತಿತು. ಕೊರೆಯುವ ರೌಟರ್ ಮಾತ್ರ ಗಿರ್ರೆಂದು ತಿರುಗುತ್ತಲೇ ಇತ್ತು! ನನ್ನ ಗುಂಡಿ ಆರ್ಡುಯಿನೊಗೆ ಸುದ್ದಿ ಮುಟ್ಟಿಸುತ್ತಿತ್ತೇ ಹೊರತು ರೌಟರಿನ ಕರೆಂಟ್ ಕಡಿಯುತ್ತಿರಲಿಲ್ಲ. ಮಾವ ಏನೂ ಅನ್ನಲಿಲ್ಲ. ತಮ್ಮ ಎಡಗೈಯ ತೋರುಬೆರಳು ತೋರಿಸಿದರು. ಅದರ ತುದಿ ಇಲ್ಲ. ಚಿಕ್ಕಂದಿನಿಂದ ನೋಡಿದ ಬೆರಳು. ಅಂದು ಮಾತ್ರ ಅದನ್ನು ಬೇರೆ ರೀತಿ ನೋಡಿದೆ.

ಒಂದು ಕಾಂಟ್ಯಾಕ್ಟರ್ ತಂದು ವಯರಿಂಗ್ ಬದಲಿಸಿದೆ. ಈಗ ಕೆಂಪು ಗುಂಡಿ ಒತ್ತಿದರೆ ಮೋಟಾರ್, ರೌಟರ್ ಎರಡರ ಕರೆಂಟೂ ಕಡಿದುಹೋಗುತ್ತದೆ. ಗುಂಡಿಯ ವಯರ್ ತುಂಡಾದರೂ ಯಂತ್ರ ನಿಲ್ಲುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ತಾನಾಗಿ ತಿರುಗುವುದಿಲ್ಲ, ಹಸಿರು ಗುಂಡಿ ಮತ್ತೆ ಒತ್ತಲೇಬೇಕು.

ಆಟಿ ತಿಂಗಳಲ್ಲಿ ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ವಾರ ಎಣ್ಣೆ ಹಚ್ಚದೆ ಬಿಟ್ಟಿದ್ದಕ್ಕೆ ಹಳಿಗಳ ಮೇಲೆ ಕಂದು ಚುಕ್ಕೆ ಎದ್ದಿದ್ದವು. ಕಡಲ ಗಾಳಿಗೆ ಉಕ್ಕಿನ ಮೇಲೆ ಕರುಣೆಯಿಲ್ಲ. ಈಗ ಭಾನುವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸುವುದು ತಂಗಿಯ ಕೆಲಸ. ಸಂಬಳ, ಒಂದು ಐಸ್‌ಕ್ರೀಮ್.

ಮಾವನ ಅಂಗಡಿಗೆ ಈವರೆಗೆ ನಾಲ್ಕು ಬಾಗಿಲಿನ ಹಲಗೆ ಕೊರೆದುಕೊಟ್ಟಿದ್ದೇನೆ. ಬಡ್ಡಿಯ ಸುದ್ದಿ ಅವರು ಎತ್ತಿಲ್ಲ. ಮುಂದಿನ ವರ್ಷ ಕ್ಯಾಂಪಸ್ ಸಂದರ್ಶನ. ರೆಸ್ಯೂಮೆಯಲ್ಲಿ ಈ ಯಂತ್ರದ ಹೆಸರು ಒಂದು ಸಾಲು ಹಿಡಿಯುತ್ತದೆ. ವೃತ್ತ ಕೊರೆದ ವಿಡಿಯೊ ಈಗಲೂ ಮೊಬೈಲಿನಲ್ಲಿದೆ, ಆದರೆ ಯಾರಾದರೂ ಕೇಳಿದರೆ ನಾನು ಹೇಳಬೇಕೆಂದಿರುವುದು ಉರಿಯದ ಬಲ್ಬಿನ ಕತೆ, ನಿಲ್ಲದ ರೌಟರಿನ ಕತೆ.

ಯಂತ್ರ ಕಟ್ಟುವ ಆಸೆ ನಿಮಗೂ ಇದ್ದರೆ ಖಂಡಿತ ಕಟ್ಟಿ. ಭಾಗಗಳಿಗೆ ಆರ್ಡರ್ ಹಾಕುವ ಮೊದಲು ಮಾತ್ರ, ಊರಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಮನೆಯ ಸಾಕೆಟ್ಟಿನ ಮೂರನೇ ತೂತಿನ ಹಿಂದೆ ವಯರ್ ಇದೆಯೇ ಎಂದು ಕೇಳಿ. ಅಂದಹಾಗೆ, ಅಮ್ಮ ಈಗಲೂ ಯಂತ್ರದ ಹತ್ತಿರ ಚಹಾ ತರುವುದಿಲ್ಲ. ಅಡುಗೆಮನೆಯಿಂದಲೇ ಕೂಗುತ್ತಾರೆ, ನಾನೇ ಹೋಗಿ ಕುಡಿದು ಬರುತ್ತೇನೆ.