ಕಲ್ಲಿನ ಕಿಡಿಗೆ ಅಂಕಿಗಳ ಪಂಚನಾಮೆ

2012ರ ಆಗಸ್ಟ್ 19ರಂದು ಮಂಗಳನ ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ರೋವರ್ ಮುಷ್ಟಿ ಗಾತ್ರದ ಕಲ್ಲೊಂದಕ್ಕೆ ಹತ್ತು ಸೆಕೆಂಡಿನಲ್ಲಿ 30 ಸಲ ಲೇಸರ್ ಹೊಡೆಯಿತು. ಕಲ್ಲಿಗೆ ವಿಜ್ಞಾನಿಗಳು ಇಟ್ಟ ಹೆಸರು ಕೊರೊನೇಷನ್. ಪ್ರತಿ ಹೊಡೆತಕ್ಕೂ ಕಲ್ಲಿನ ಒಂದು ಕಣದಷ್ಟು ಭಾಗ ಆವಿಯಾಗಿ ಕಿಡಿಯಾಯಿತು. ಕೆಮ್‌ಕ್ಯಾಮ್ ಎಂಬ ಉಪಕರಣ ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ 6,144 ಅಂಕಿಗಳ ಸಾಲಾಗಿಸಿತು. ಆ ಸಾಲಿಗೆ ರೋಹಿತ ಎಂದು ಹೆಸರು. ಮೊದಲ ಹೊಡೆತದಲ್ಲಿ ಕಾಣಿಸಿದ ಹೈಡ್ರೋಜನ್ ಆಮೇಲೆ ಪತ್ತೆಯೇ ಇಲ್ಲ. ಅಂದರೆ ಅದು ಕಲ್ಲಿನ ಮೈಮೇಲಷ್ಟೇ ಇತ್ತು. ಕಲ್ಲಿನ ಮೇಲೆ ಕೂತ ಧೂಳಿನ ಇಂಥ ಕಾಟಕ್ಕೇ ಲೆಕ್ಕ ಹಾಕುವವರು ಈಗಲೂ ಮೊದಲ ಐದು ಹೊಡೆತಗಳನ್ನು ಬದಿಗಿಡುತ್ತಾರೆ.

ರೋಹಿತದಲ್ಲಿ ಅಂಕಿ ದಿಢೀರ್ ಏರುವ ಜಾಗವೇ ಆಯಾ ಧಾತುವಿನ ಗೆರೆ. ಕಬ್ಬಿಣದ ಗೆರೆ ಎಲ್ಲಿ ಬೀಳುತ್ತದೆಂದು ಗೊತ್ತು. ಅದರ ಎತ್ತರ ಅಳೆದರೆ ಕಬ್ಬಿಣ ಎಷ್ಟಿದೆ ಎಂದೂ ತಿಳಿಯಬೇಕಲ್ಲ? ತಿಳಿಯುವುದಿಲ್ಲ. ಒಂದೇ ಚಿಟಿಕೆ ಉಪ್ಪು ಮಜ್ಜಿಗೆಯಲ್ಲಿ ಒಂದು ಬಗೆ, ಹುಳಿಯಲ್ಲಿ ಇನ್ನೊಂದು ಬಗೆ ನಾಲಗೆಗೆ ತಾಗುವಂತೆ, ಅಷ್ಟೇ ಕಬ್ಬಿಣ ಬೇರೆ ಬೇರೆ ಕಲ್ಲುಗಳಲ್ಲಿ ಬೇರೆ ಬೇರೆ ಎತ್ತರದ ಗೆರೆ ಕೊಡುತ್ತದೆ. ಕಲ್ಲು ಎಷ್ಟು ದೂರದಲ್ಲಿದೆ ಎಂಬುದೂ ಗೆರೆಯನ್ನು ಏರಿಸಿ ಇಳಿಸುತ್ತದೆ.

ಹಾಗಾಗಿ ಮೊದಲು ಭೂಮಿಯ ಮೇಲೆ ಪಾಠವಾಗಬೇಕು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಮಂಗಳನ ಗಾಳಿಯಷ್ಟೇ ತೆಳುವಾದ ಇಂಗಾಲದ ಡೈಆಕ್ಸೈಡ್ ತುಂಬಿದ ಕೋಣೆಯೊಳಗೆ, ಸಂಯೋಜನೆ ಮೊದಲೇ ಗೊತ್ತಿರುವ ಕಲ್ಲುಗಳಿಗೆ ಲೇಸರ್ ಹೊಡೆದರು. ಶುರುವಿನಲ್ಲಿ ಅಂಥ ಮಾದರಿಗಳು 69; ಆಮೇಲೆ 408. ಇಷ್ಟಾದರೂ ಕಲ್ಲುಗಳು ನೂರರ ಲೆಕ್ಕದಲ್ಲಿ, ಅಂಕಿಗಳು ಸಾವಿರದ ಲೆಕ್ಕದಲ್ಲಿ. ಮಾಮೂಲಿ ಸಮೀಕರಣ ಕೂಡಿಸಹೋದರೆ ಅದು ರೋಹಿತದ ಗದ್ದಲವನ್ನೂ ಉರು ಹೊಡೆದು, ಹೊಸ ಕಲ್ಲು ಕಂಡಾಗ ತಪ್ಪುತ್ತದೆ. ಇದಕ್ಕೆಂದೇ ‘ಪಾರ್ಷಿಯಲ್ ಲೀಸ್ಟ್ ಸ್ಕ್ವೇರ್ಸ್’ ಎಂಬ ವಿಧಾನವಿದೆ. ಕಲ್ಲಿನಲ್ಲಿ ಸಿಲಿಕಾ ಹೆಚ್ಚಿದಾಗ ಯಾವ ಯಾವ ಅಂಕಿಗಳು ಒಟ್ಟಾಗಿ ಏರುತ್ತವೆ, ಯಾವುವು ಇಳಿಯುತ್ತವೆ ಎಂದು ನೋಡಿ, ಸಾವಿರಾರು ಅಂಕಿಗಳನ್ನು ಅದು ಕೆಲವೇ ಕೂಡು-ಅಂಕಿಗಳಿಗೆ ಇಳಿಸುತ್ತದೆ. ಪರೀಕ್ಷೆಯೂ ಉಂಟು: ಕೆಲವು ಕಲ್ಲುಗಳನ್ನು ಬಚ್ಚಿಟ್ಟು, ಉಳಿದವುಗಳಿಂದ ಕಲಿಸಿ, ಬಚ್ಚಿಟ್ಟವನ್ನು ಗುರುತಿಸಲು ಹೇಳುವುದು. ಸಿಲಿಕಾದಲ್ಲಿ ಲೆಕ್ಕ ತಪ್ಪುವುದು ನೂರು ಗ್ರಾಂ ಕಲ್ಲಿಗೆ ಸುಮಾರು 5 ಗ್ರಾಂ.

69ರಿಂದ 408ಕ್ಕೆ ಏರಿದ್ದೇ ಈ ಕಥೆಯ ದೊಡ್ಡ ಹೆಜ್ಜೆ ಎನ್ನುವುದು ನನ್ನ ಎಣಿಕೆ, ಗಣಿತದ ಚಮತ್ಕಾರವಲ್ಲ. ತಾನು ಕಾಣದ ಜಾತಿಯ ಕಲ್ಲಿನ ಮುಂದೆ ಯಾವ ಸೂತ್ರವೂ ಊಹೆಗೇ ಇಳಿಯಬೇಕು. ಅಂಥ ಅಚ್ಚರಿಗಳೂ ಬರುತ್ತವೆ: 2015ರಲ್ಲಿ ಕ್ಯೂರಿಯಾಸಿಟಿಗೆ ಸಿಲಿಕಾ ವಿಪರೀತವಿರುವ ಕಲ್ಲುಗಳು ಎದುರಾದವು. ಮಂಗಳದಲ್ಲಿ ಅಂಥದ್ದನ್ನು ಹೆಚ್ಚು ಜನ ನಿರೀಕ್ಷಿಸಿರಲಿಲ್ಲ.

ಚಂದ್ರನ ಮೇಲಿಳಿದ ನಮ್ಮ ಪ್ರಜ್ಞಾನ್ ರೋವರಿನಲ್ಲೂ ಇಂಥದ್ದೇ ಲೇಸರ್ ಉಪಕರಣವಿತ್ತು. ಅದನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ. 2023ರ ಆಗಸ್ಟ್‌ನಲ್ಲಿ ಚಂದ್ರನ ದಕ್ಷಿಣ ಧ್ರುವದತ್ತಣ ನೆಲದಲ್ಲಿ ಗಂಧಕವಿದೆ ಎಂದು ಅದು ಸಾರಿತು. ‘ಇದೆ’ ಎನ್ನಲು ಗೆರೆ ಸಾಕು. ‘ಎಷ್ಟಿದೆ’ ಎನ್ನಲು ಮಾದರಿಗಳೂ ಲೆಕ್ಕವೂ ಬೇಕು. ಅಲ್ಲಿನ ಮಣ್ಣಿನ ಸಂಯೋಜನೆ ಎಷ್ಟೆಷ್ಟು ಎಂಬ ಪಟ್ಟಿ 2024ರಲ್ಲಿ ಹೊರಬಂದದ್ದು ಅದೇ ರೋವರಿನ ಇನ್ನೊಂದು ಉಪಕರಣದಿಂದ: ಎಕ್ಸ್-ಕಿರಣ ಅಳೆಯುವ ಆ ಯಂತ್ರ ದಾರಿಯುದ್ದಕ್ಕೂ 23 ಕಡೆ ನೆಲ ಪರೀಕ್ಷಿಸಿತ್ತು.