ಎರಡನೇ ಸೆಮಿಸ್ಟರಿನ ಕಲನ: ಕೂಡಿಸುವ ಗಣಿತ

ಕಲನಶಾಸ್ತ್ರದ ಎರಡನೇ ಸೆಮಿಸ್ಟರು ಬಹುಪಾಲು ಅನುಕಲನದ ಸೆಮಿಸ್ಟರು. ಮೊದಲನೆಯದರಲ್ಲಿ ಬದಲಾವಣೆಯ ದರ ಕಂಡುಹಿಡಿಯುವ ಅವಕಲನಕ್ಕೆ ಒತ್ತಿದ್ದರೆ, ಇಲ್ಲಿ ಒಂದು ಕ್ಷೇತ್ರವನ್ನೋ ಘನವನ್ನೋ ಸಣ್ಣ ಸಣ್ಣ ಚೂರುಗಳಾಗಿ ಕಲ್ಪಿಸಿಕೊಂಡು ಅವುಗಳ ಮೊತ್ತ ಕಾಣುವುದು ಮುಖ್ಯ ಕೆಲಸ. ಒಂದೇ ಚರವಿರುವ ಅನುಕಲನವನ್ನು ಕರ್ನಾಟಕದ ವಿದ್ಯಾರ್ಥಿ ದ್ವಿತೀಯ ಪಿಯುಸಿಯಲ್ಲೇ ಮುಗಿಸಿರುತ್ತಾನೆ. ಭಾಗಶಃ ಅನುಕಲನ, ಆಂಶಿಕ ಭಿನ್ನರಾಶಿ, ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಎಲ್ಲವೂ ಅಲ್ಲಿನ ಪಾಠಗಳೇ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎರಡನೇ ಸೆಮಿಸ್ಟರಿನ ಬಹುಭಾಗವನ್ನು ಇವೇ ತುಂಬುತ್ತವೆ, ಜೊತೆಗೆ ಅನಂತ ಶ್ರೇಢಿಗಳು ಬರುತ್ತವೆ. ಇಲ್ಲಿ ಆ ಹೊತ್ತಿಗೆ ಪಾಠ ಎರಡು ಮತ್ತು ಮೂರು ಚರಗಳಿಗೆ ದಾಟಿರುತ್ತದೆ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದಲ್ಲಿ ಈ ಪಾಠ ಎರಡು ದಾರಿಗಳಲ್ಲಿ ಸಿಗುತ್ತದೆ. ಒಂದು, ಬಿ.ಎಸ್ಸಿ. ಮೂಡುಬಿದಿರೆಯ ಶ್ರೀ ಮಹಾವೀರ ಕಾಲೇಜು, 1966ರಲ್ಲಿ ಆರಂಭವಾದ ಉಜಿರೆಯ ಎಸ್‌ಡಿಎಂ ಕಾಲೇಜು, ಬಂಟ್ವಾಳದ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು ಈ ಸೀಮೆಯ ಹಳೆಯ ಪದವಿ ಕಾಲೇಜುಗಳು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಇಲ್ಲಿನ ಕಾಲೇಜುಗಳ ಪ್ರಶ್ನೆಪತ್ರಿಕೆ ಬರುತ್ತಿದ್ದದ್ದು ಮೈಸೂರು ವಿಶ್ವವಿದ್ಯಾಲಯದಿಂದ. ಎರಡು, ಎಂಜಿನಿಯರಿಂಗ್. ಬಂಟ್ವಾಳ ತಾಲ್ಲೂಕಿನ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆ ಬಳಿಯ ಮಿಜಾರು ಮತ್ತು ಬಡಗ ಮಿಜಾರುಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿವೆ. ಈ ನಾಲ್ಕೂ 2000ದ ನಂತರ ಬಂದವು. ಅದಕ್ಕೆ ಮೊದಲು ಈ ಮೂರು ಊರುಗಳಲ್ಲಿ ಕಾಲೇಜಿನ ಕಲನ ಎಂದರೆ ಬಿ.ಎಸ್ಸಿ. ಕಲನವೇ.

ಪಠ್ಯಕ್ರಮದ ಚೌಕಟ್ಟು ಆಗಾಗ ಬದಲಾಗುತ್ತದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಬಂದ ಬಿ.ಎಸ್ಸಿ. ಎರಡನೇ ಸೆಮಿಸ್ಟರಿನ ಪತ್ರಿಕೆಯ ಹೆಸರೇ ‘ಬೀಜಗಣಿತ-2 ಮತ್ತು ಕಲನ-2’. ನೈಜ ಸಂಖ್ಯೆಗಳು, ಗುಂಪುಗಳು, ಆಂಶಿಕ ಅವಕಲನ, ಕೊನೆಗೆ ರೇಖಾ ಅನುಕಲ, ದ್ವಿ ಅನುಕಲ, ತ್ರಿ ಅನುಕಲ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಎಂಜಿನಿಯರಿಂಗ್‌ನಲ್ಲಿ 2022ರ ಯೋಜನೆ ಗಣಿತವನ್ನೂ ವಿಭಾಗವಾರು ಹಂಚಿತು. ಆ ಯೋಜನೆಯಂತೆ ಕಂಪ್ಯೂಟರ್ ವಿಭಾಗದ ಎರಡನೇ ಸೆಮಿಸ್ಟರಿನಲ್ಲಿ ಅನುಕಲನ, ಸದಿಶ ಕಲನ, ಸದಿಶಾಕಾಶ, ಸಂಖ್ಯಾತ್ಮಕ ವಿಧಾನಗಳ ಎರಡು ಘಟಕಗಳು, ಹೀಗೆ ಒಟ್ಟು ಐದು ಘಟಕಗಳಿವೆ. ವಿದ್ಯಾರ್ಥಿಗಳ ಬಾಯಲ್ಲಿ ಇದು ‘ಎಂ-ಟೂ’. ಬ್ಯಾಕ್ ಉಳಿಸಿಕೊಳ್ಳುವ ವಿಷಯವೆಂದು ಅದಕ್ಕಿರುವ ಹೆಸರು ಸುಳ್ಳಲ್ಲ, ಆದರೆ ಕಾರಣ ಸಾಮಾನ್ಯವಾಗಿ ಹೇಳುವಂಥದ್ದಲ್ಲ.

ಕಷ್ಟವಿರುವುದು ಅನುಕಲಿಸುವುದರಲ್ಲಲ್ಲ, ‘ಲಿಮಿಟ್ಸ್ ಹಾಕುವುದರಲ್ಲಿ’. ಒಂದು ಚರವಿದ್ದಾಗ ಮಿತಿಗಳೆಂದರೆ ಎರಡು ಸಂಖ್ಯೆಗಳು, ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಎರಡು ಚರಗಳಾದಾಗ ಒಳಗಿನ ಅನುಕಲದ ಮಿತಿಗಳು ಹೊರಗಿನ ಚರವನ್ನು ಅವಲಂಬಿಸುತ್ತವೆ, ಅಂದರೆ ಅವು ಸಂಖ್ಯೆಗಳಾಗಿ ಉಳಿಯದೆ ರೇಖೆಗಳಾಗುತ್ತವೆ. ಅವನ್ನು ಬರೆಯಬೇಕಾದರೆ ಕ್ಷೇತ್ರದ ಚಿತ್ರ ಕಣ್ಣೆದುರು ಇರಬೇಕು. ಚಿತ್ರ ಬಿಡಿಸದೆ ಸೂತ್ರಕ್ಕೆ ಕೈಹಾಕಿದವನು ಉತ್ತರ ಪತ್ರಿಕೆಯ ಮೊದಲ ಸಾಲಿನಲ್ಲೇ ಎಡವುತ್ತಾನೆ.

ಅನುಕಲನದ ಕ್ರಮ ಬದಲಿಸುವ ಲೆಕ್ಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ‘ಇ’ಯ ಘಾತವಾಗಿ ವೈ-ವರ್ಗ ಇರುವ ಫಲನವನ್ನು ತೆಗೆದುಕೊಳ್ಳಬಹುದು. ವೈ ಚರವು ಎಕ್ಸ್‌ನಿಂದ 1ರವರೆಗೆ, ಎಕ್ಸ್ 0ಯಿಂದ 1ರವರೆಗೆ ಹೋಗುತ್ತದೆ. ಮೊದಲು ವೈಗೆ ಅನುಕಲಿಸಬೇಕು. ಅದು ಸಾಧ್ಯವೇ ಇಲ್ಲ, ಏಕೆಂದರೆ ಈ ಫಲನದ ಅನುಕಲವನ್ನು ಪರಿಚಿತ ಫಲನಗಳಲ್ಲಿ ಬರೆಯಲು ಬರುವುದಿಲ್ಲ. ಚಿತ್ರ ಬಿಡಿಸಿದರೆ ಕ್ಷೇತ್ರವೊಂದು ತ್ರಿಕೋನ: ಒಂದು ಮೂಲೆ ಮೂಲಬಿಂದುವಿನಲ್ಲಿ, ಒಂದು ವೈ ಅಕ್ಷದ ಮೇಲೆ 1ರಲ್ಲಿ, ಇನ್ನೊಂದು (1, 1) ಬಿಂದುವಿನಲ್ಲಿ. ಅಡಿಕೆ ತೋಟದ ಮರಗಳನ್ನು ಉದ್ದದ ಸಾಲಿನಲ್ಲಿ ಎಣಿಸಿದರೂ ಅಡ್ಡಸಾಲಿನಲ್ಲಿ ಎಣಿಸಿದರೂ ಲೆಕ್ಕ ಒಂದೇ. ಅದೇ ತ್ರಿಕೋನವನ್ನು ಅಡ್ಡಲಾಗಿ ಕತ್ತರಿಸಿದರೆ ಎಕ್ಸ್ 0ಯಿಂದ ವೈವರೆಗೆ, ವೈ 0ಯಿಂದ 1ರವರೆಗೆ ಹೋಗುತ್ತದೆ. ಈಗ ಒಳಗಿನ ಅನುಕಲ ಮೂಲ ಫಲನಕ್ಕೆ ವೈಯ ಗುಣಕವೊಂದನ್ನು ಸೇರಿಸುತ್ತದೆ. ಅದೊಂದು ಬಂದದ್ದೇ ಲೆಕ್ಕ ಸಲೀಸಾಗುತ್ತದೆ. ಉತ್ತರ ‘ಇ’ಯಲ್ಲಿ 1 ಕಳೆದು ಅರ್ಧ ಮಾಡಿದ್ದು, ಸುಮಾರು 0.859. ಸೂತ್ರ ಯಾವುದೂ ಬದಲಾಗಲಿಲ್ಲ, ಕತ್ತರಿಸುವ ದಿಕ್ಕು ಮಾತ್ರ ಬದಲಾಯಿತು.

ಧ್ರುವೀಯ ನಿರ್ದೇಶಾಂಕಗಳಿಗೆ ಹೋದಾಗ ಇನ್ನೊಂದು ತಪ್ಪು ಕಾದಿರುತ್ತದೆ, ಆರ್ ಎಂಬ ಗುಣಕವನ್ನು ಮರೆಯುವುದು. ಕೇಂದ್ರದಿಂದ ದೂರ ಹೋದಷ್ಟೂ ಒಂದೇ ಕೋನದೊಳಗಿನ ಚೂರು ಅಗಲವಾಗುತ್ತದೆ, ಆ ಹಿಗ್ಗುವಿಕೆಯ ಲೆಕ್ಕವೇ ಆರ್. ವೈ-ವರ್ಗದ ಘಾತಕ್ಕೆ ಋಣ ಚಿಹ್ನೆ ಸೇರಿಸಿ ಇಡೀ ಸಂಖ್ಯಾರೇಖೆಯ ಮೇಲೆ ಅನುಕಲಿಸುವ ಪ್ರಸಿದ್ಧ ಲೆಕ್ಕ ಬಿಡಿಸಲು ಬರುವುದೂ ಇದೇ ಗುಣಕದಿಂದ. ಆ ಅನುಕಲವನ್ನು ಅದರಿಂದಲೇ ಗುಣಿಸಿ ದ್ವಿ ಅನುಕಲ ಮಾಡಿದರೆ ಬೆಲೆ ಪೈ, ಆದ್ದರಿಂದ ಮೂಲದ ಬೆಲೆ ಪೈಯ ವರ್ಗಮೂಲ. ಗಾಮಾ ಫಲನದ ಪಾಠದಲ್ಲಿ ಅರ್ಧಕ್ಕೆ ಬರುವ ಬೆಲೆಯೂ ಇದೇ.

ಘನಫಲಕ್ಕೆ ತ್ರಿ ಅನುಕಲ. ಇಲ್ಲಿ ಮೂಡುಬಿದಿರೆಗೆ ಬೇರೆ ಊರುಗಳಿಗಿಲ್ಲದ ಒಂದು ಸಂಬಂಧವಿದೆ. ಷಟ್ಖಂಡಾಗಮ ಎಂಬ ಜೈನ ಆಗಮಗ್ರಂಥಕ್ಕೆ ಜೈನಾಚಾರ್ಯ ವೀರಸೇನ ಬರೆದ ‘ಧವಲಾ’ ಟೀಕೆ ಒಂಬತ್ತನೇ ಶತಮಾನದ್ದು. ಅದರ ತಾಳೆಗರಿ ಪ್ರತಿಗಳು ಹಳೆಯ ಕನ್ನಡ ಲಿಪಿಯಲ್ಲಿ ಉಳಿದುಬಂದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಹೀರಾಲಾಲ್ ಜೈನ್ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಬಳಿಕ ಗಣಿತಜ್ಞ ಎ.ಎನ್. ಸಿಂಗ್ ಅದರೊಳಗಿನ ಗಣಿತದ ಬಗ್ಗೆ ಬರೆದರು. ಲೋಕದ ಆಕಾರವನ್ನು ಚರ್ಚಿಸುವಾಗ ವೀರಸೇನ ತುದಿ ಕತ್ತರಿಸಿದ ಶಂಕುವೊಂದರ ಘನಫಲ ಕಂಡುಹಿಡಿಯುತ್ತಾನೆ. ಅದರ ಬುಡದ ವ್ಯಾಸ 7 ರಜ್ಜು, ಮೇಲಿನದು 1 ರಜ್ಜು, ಎತ್ತರ 7 ರಜ್ಜು (ರಜ್ಜು ಜೈನ ಗ್ರಂಥಗಳ ಒಂದು ಉದ್ದಮಾನ). ಅವನು ನಡುವಿನ ಸ್ತಂಭವನ್ನು ತೆಗೆದು, ಸುತ್ತಲಿನ ಭಾಗವನ್ನು ಸೀಳಿ ಬಿಡಿಸಿ ಹರಡುತ್ತಾನೆ. ನಡುವಿನ ತುಂಡಿನ ಘನಫಲ ಸುಲಭ. ಎರಡು ಬದಿಗಳಲ್ಲಿ ಉಳಿದ ಮೂಲೆಗಳನ್ನು ಮತ್ತೆ ಕತ್ತರಿಸುತ್ತಾನೆ, ಉಳಿದದ್ದನ್ನು ಮತ್ತೂ ಕತ್ತರಿಸುತ್ತಾನೆ. ಪ್ರತಿ ಸುತ್ತಿನಲ್ಲಿ ಸಿಗುವ ತುಂಡುಗಳ ಮೊತ್ತ ಹಿಂದಿನದರ ಕಾಲುಭಾಗ. ಅಂಥ ಕೊನೆಯಿಲ್ಲದ ಶ್ರೇಢಿಯ ಮೊತ್ತ ಮೊದಲ ಪದದ 4/3ರಷ್ಟು. ಇದನ್ನು ಕಲನವೆಂದು ಕರೆದುಬಿಡುವುದು ಅಭಿಮಾನದ ಮಾತಾದೀತು. ಮಿತಿಯ ಸ್ಪಷ್ಟ ವ್ಯಾಖ್ಯೆ ಅಲ್ಲಿಲ್ಲ, ಬೇರೆ ಬೇರೆ ಫಲನಗಳಿಗೆ ಒಗ್ಗುವ ವಿಧಾನವೂ ಅಲ್ಲ. ಆದರೆ ಕೊನೆಮೊದಲಿಲ್ಲದೆ ಕತ್ತರಿಸುತ್ತ ಹೋಗಿ ಖಚಿತವಾದ ಮೊತ್ತ ಪಡೆಯುವ ಧೈರ್ಯ ಅಲ್ಲಿದೆ; ಎರಡನೇ ಸೆಮಿಸ್ಟರಿನ ಮೂಲ ವಿಚಾರವೂ ಅದೇ.

ಸದಿಶ ಕಲನದಲ್ಲಿ ಗ್ರೇಡಿಯೆಂಟ್, ಡೈವರ್ಜೆನ್ಸ್, ಕರ್ಲ್ ಎಂಬ ಮೂರು ಕ್ರಿಯೆಗಳಿವೆ. ಗ್ರೇಡಿಯೆಂಟ್ ಎಂದರೆ ಏರಿಕೆ ಅತಿ ಹೆಚ್ಚಿರುವ ದಿಕ್ಕು ಮತ್ತು ಅದರ ಪ್ರಮಾಣ. ಬೆಳ್ತಂಗಡಿಯ ಗಡಾಯಿಕಲ್ಲಿನ ಸುತ್ತಲಿನ ಸಮೋನ್ನತಿ ನಕ್ಷೆ ನೋಡಿದರೆ ರೇಖೆಗಳು ಬಂಡೆಯ ಮೈಯಲ್ಲಿ ಒತ್ತೊತ್ತಾಗಿವೆ, ಅಲ್ಲಿ ಗ್ರೇಡಿಯೆಂಟ್ ದೊಡ್ಡದು, ದಿಕ್ಕು ರೇಖೆಗಳಿಗೆ ಲಂಬ. ಡೈವರ್ಜೆನ್ಸ್ ಒಂದು ಬಿಂದುವಿನಿಂದ ಹರಿವು ಹೊರಹೊಮ್ಮುವ ಪ್ರಮಾಣ, ಕರ್ಲ್ ಸುಳಿಯ ಅಳತೆ. ಪರೀಕ್ಷೆಯ ಮಟ್ಟಿಗೆ ಈ ಘಟಕ ಆಂಶಿಕ ಅವಕಲನ ಬಲ್ಲವರಿಗೆ ಸಲೀಸು.

ಸಂಖ್ಯಾತ್ಮಕ ವಿಧಾನಗಳನ್ನು ಹಲವರು ಕ್ಯಾಲ್ಕ್ಯುಲೇಟರ್ ಒತ್ತಿ ಅಂಕ ಪಡೆಯುವ ಭಾಗವೆಂದು ತಿಳಿಯುತ್ತಾರೆ. ಬಳಕೆಯ ದೃಷ್ಟಿಯಿಂದ ಬೆಲೆಯಿರುವುದು ಇವಕ್ಕೇ. ನೇತ್ರಾವತಿಯ ಹರಿವನ್ನು ಕೇಂದ್ರ ಜಲ ಆಯೋಗ ಬಂಟ್ವಾಳದಲ್ಲಿ ಅಳೆಯುತ್ತದೆ. ನದಿಯ ತಳಕ್ಕೆ ಸೂತ್ರವಿಲ್ಲ. ಹರಿವನ್ನು ಅಳೆಯುವ ಸಾಮಾನ್ಯ ಕ್ರಮವೆಂದರೆ ಅಗಲವನ್ನು ಪಟ್ಟಿಗಳಾಗಿ ಹಂಚಿ, ಪ್ರತಿ ಪಟ್ಟಿಯಲ್ಲಿ ಆಳವನ್ನೂ ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ ವೇಗವನ್ನೂ ಅಳೆದು, ಪಟ್ಟಿಯ ಅಗಲ, ಆಳ, ವೇಗಗಳನ್ನು ಗುಣಿಸಿ, ಎಲ್ಲ ಗುಣಲಬ್ಧಗಳನ್ನು ಕೂಡಿಸುವುದು. ಸಣ್ಣ ಹೊಳೆಯೊಂದರ ಅಗಲ 40 ಮೀಟರ್, ಪ್ರತಿ 10 ಮೀಟರಿಗೆ ಆಳ 0, 2, 3, 2, 0 ಮೀಟರ್ ಎಂದುಕೊಂಡರೆ ಸಮಲಂಬ ವಿಧಾನದಲ್ಲಿ ಅಡ್ಡಕೊಯ್ತದ ವಿಸ್ತೀರ್ಣ 70 ಚದರ ಮೀಟರ್. ಸಿಂಪ್ಸನ್‌ನ ಮೂರನೇ ಒಂದರ ನಿಯಮದಲ್ಲಿ 73.3. ಎರಡನೆಯದು ಬಿಂದುಗಳ ನಡುವೆ ಸರಳರೇಖೆಯ ಬದಲು ಪರವಲಯ ಎಳೆಯುತ್ತದೆ, ತಳ ಬಾಗಿರುವಲ್ಲಿ ಅದು ಹೆಚ್ಚು ಹತ್ತಿರ. ಪಟ್ಟಿಗಳ ಸಂಖ್ಯೆ ಸಮಸಂಖ್ಯೆಯಾಗಿರಬೇಕೆಂಬ ಷರತ್ತನ್ನು ಮಾತ್ರ ಮರೆಯಬಾರದು.

2022ರ ಯೋಜನೆಯ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರತಿ ಘಟಕದಿಂದ 20 ಅಂಕಗಳ ಎರಡು ಪ್ರಶ್ನೆ ಬರುತ್ತವೆ, ಒಂದನ್ನು ಬಿಡಿಸಬೇಕು. ನೂರಕ್ಕೆ ಬರೆದದ್ದನ್ನು ಐವತ್ತಕ್ಕೆ ಇಳಿಸಿ, ಉಳಿದ ಐವತ್ತನ್ನು ಆಂತರಿಕ ಅಂಕಗಳಿಂದ ಸೇರಿಸುತ್ತಾರೆ. ಅನುಕಲನದ ಘಟಕವನ್ನೇ ಬಿಟ್ಟು ಉಳಿದ ನಾಲ್ಕರಿಂದ ಪಾಸಾಗುವುದು ಲೆಕ್ಕದಲ್ಲಿ ಸಾಧ್ಯ, ಹಾಗೆ ಮಾಡುವವರೂ ಇದ್ದಾರೆ. ಇದು ಒಳ್ಳೆಯ ಉಪಾಯವಲ್ಲ. ಮುಂದೆ ಸಂಭವನೀಯತೆಯ ಪಾಠದಲ್ಲಿ ಬರುವ ಪ್ರಸಾಮಾನ್ಯ ವಿತರಣೆಯ ಸೂತ್ರದ ಛೇದದಲ್ಲಿ ಪೈಯ ವರ್ಗಮೂಲ ಕುಳಿತಿರುವುದು ಇದೇ ದ್ವಿ ಅನುಕಲದಿಂದ, ಫೂರಿಯೇ ಶ್ರೇಢಿಯ ಗುಣಾಂಕಗಳೂ ಅನುಕಲನವಿಲ್ಲದೆ ಸಿಗುವುದಿಲ್ಲ.