ಒಂದು ಕಪ್ಪು, ಇನ್ನೊಂದು ಕಪ್ಪು

ಸಾಗುವಳಿ ಚೀಟಿಯಲ್ಲಿ '4 ಎಕರೆ' ಅಂತಿದೆ. ಆದರೆ ಅದು ಮೊದಲು '1' ಆಗಿದ್ದರೆ?

ಕಡೂರು, ಮೂಡಿಗೆರೆಯ ಭೂ ಮಂಜೂರಾತಿ ಅಕ್ರಮಗಳ ತನಿಖೆಗೆ 2023ರಲ್ಲಿ ಸರ್ಕಾರ ತಹಶೀಲ್ದಾರರ ತಂಡವನ್ನೇ ಕಳಿಸಿತ್ತು. ಅಂದರೆ ಈ ಪ್ರಶ್ನೆ ನಮ್ಮ ಕಡೆಯವರಿಗೆ ಹೊಸದಲ್ಲ.

ಈಗ ಕಣ್ಣಿಟ್ಟು ನೋಡಿ. ಬಾಲ್‌ಪೆನ್ನಿನ ಕಪ್ಪು, ಜೆಲ್‌ಪೆನ್ನಿನ ಕಪ್ಪು ನಮಗೆ ಒಂದೇ. ಆದರೆ ಅವಗೆಂಪು ಬೆಳಕು ಬಿಟ್ಟು ಕ್ಯಾಮೆರಾದಲ್ಲಿ ನೋಡಿದರೆ ಬಾಲ್‌ಪೆನ್ನಿನ ಬರಹ ಹೆಚ್ಚಾಗಿ ಮಾಯ. ಇಂಗಾಲ ಬೆರೆತ ಜೆಲ್ ಶಾಯಿ ಹಾಗೇ ಕಪ್ಪಗೆ ನಿಲ್ಲುತ್ತದೆ. '4'ರಲ್ಲಿ '1' ಮರೆಯಾಗಿ, ಆಮೇಲೆ ಎಳೆದ ಗೆರೆ ಮಾತ್ರ ಉಳಿದರೆ ಕಳ್ಳ ಸಿಕ್ಕಿಬಿದ್ದ!

ನೇರಳಾತೀತ ಬೆಳಕಿನದು ಬೇರೆ ಕೆಲಸ. ಈಗಿನ ಬಿಳಿ ಕಾಗದಕ್ಕೆ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ, ಅದು ನೀಲಿಯಾಗಿ ಮಿನುಗುತ್ತದೆ. 1930ರ ಕ್ರಯಪತ್ರ ಹಾಗೆ ಮಿನುಗಿದರೆ ಅನುಮಾನ ಪಡಲೇಬೇಕು.

ಇದಕ್ಕೆ ದುಬಾರಿ ಯಂತ್ರವೇ ಬೇಕಿಲ್ಲ. ಅವಗೆಂಪು ತಡೆಯುವ ಫಿಲ್ಟರ್ ತೆಗೆದ ವೆಬ್‌ಕ್ಯಾಮ್, ಬೇರೆ ಬೇರೆ ಬಣ್ಣದ ಎಲ್ಇಡಿ, ಬೆಳಕು ನುಗ್ಗದ ಒಂದು ಡಬ್ಬ. ಕೆಲವು ಸಾವಿರ ರೂಪಾಯಿಯ ಮಾತು.

ಆದರೆ ಅದೇ ಪೆನ್ನಿನಲ್ಲಿ ತಿದ್ದಿದ್ದರೆ ಈ ಡಬ್ಬ ಸೋಲುತ್ತದೆ. ಬರೆದವರು ಯಾರು ಅಂತಲೂ ಹೇಳದು. ನ್ಯಾಯಾಲಯಕ್ಕೆ ಬೇಕಾದದ್ದು ತಜ್ಞರ ವರದಿ. ಅದಕ್ಕೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯವಿದೆ.

ಜಮೀನಿಗೆ ಮುಂಗಡ ಕೊಡುವ ಮೊದಲು ತಾಲ್ಲೂಕು ಕಚೇರಿಯಲ್ಲಿರುವ ಕಡತದ ದೃಢೀಕೃತ ನಕಲು ತೆಗೆಸಿ, ತಾಳೆ ನೋಡಿ. ಅಜ್ಜಂಪುರದವರೇ, ನಿಮ್ಮದು ಮೊದಲು ತರೀಕೆರೆ ತಾಲ್ಲೂಕು. ಹಳೇ ಕಡತವನ್ನು ಅಲ್ಲೂ ವಿಚಾರಿಸಿ.